ಪೂರಾ ತೀರಿಸಿದ ಮುಯ್ಯಿ

ಹಲಗೂರಿನಿಂದ ಮಳವಳ್ಳಿ ಕಡೆಗೆ ಬರುವಾಗ ಎಡಗಡೆ ಒಂದು ಕಿರುಗಾಲುವೆ ಸಿಗುತ್ತದೆ. ಆ ಕಾಲುವೆಯಲ್ಲಿ ನೀರು ಹರಿದದ್ದಕ್ಕಿಂತ ಬೈಗುಳ ಹರಿದದ್ದೇ ಹೆಚ್ಚು. ನೀರು ಬಿಟ್ಟ ದಿನ ಒಬ್ಬೊಬ್ಬರ ತೂಬಿಗೂ ಸರದಿ ಪ್ರಕಾರ ನೀರು ಹೋಗಬೇಕು. ಮೇಲಿನವನು ಮುಚ್ಚುವುದಿಲ್ಲ, ಕೆಳಗಿನವನು ಬಿಡುವುದಿಲ್ಲ. ಒಂದು ಬೇಸಿಗೆಯಲ್ಲಿ ಬರೀ ಬೈಗುಳದ ಕಾವಿಗೇ ಕಾಲುವೆಯ ಏಡಿಗಳೆಲ್ಲ ಬೆಂದು ಕೆಂಪಾಗಿದ್ದವಂತೆ. ಹಿಡಿದು ತಿಂದವರು ಉಪ್ಪು ಸಾಲದು ಎಂದರೇ ಹೊರತು ಯಾರೂ ಹಸಿ ಎನ್ನಲಿಲ್ಲ.

ಅಂಥ ಕಾಲುವೆಯ ಬಾಯಿ ಮುಚ್ಚಿಸಿದವರು ಇಬ್ಬರು. ಒಬ್ಬ ಮಂಗಳಮ್ಮನ ಮಗ ಯತೀಶ, ಹಲಗೂರಿನ ಬಸ್ ನಿಲ್ದಾಣದ ಹಿಂದೆ ಮೊಬೈಲು, ಕಂಪ್ಯೂಟರು ರಿಪೇರಿ ಅಂಗಡಿ ಇಟ್ಟವನು. ಇನ್ನೊಬ್ಬಳು ಕರಿಸಿದ್ದಯ್ಯನ ಮಗಳು ಬಿಂದುಶ್ರೀ, ಅಪ್ಪ ಅಮ್ಮನ ಜೊತೆ ರೇಷ್ಮೆಹುಳು ಸಾಕುವವಳು. ಮಂಡ್ಯದಲ್ಲಿ ಇಬ್ಬರೂ ಒಂದೇ ತರಗತಿಯಲ್ಲಿ ಡಿಪ್ಲೊಮಾ ಓದಿದ್ದರು. ಇಬ್ಬರೂ ಸೇರಿ 'ಸರದಿ' ಎಂಬ ಆ್ಯಪ್ ಬರೆದರು. ನಿಮ್ಮ ಗದ್ದೆ ತುಂಬಿತೆಂದು ನೀವು ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಮುಂದಿನವನ ಫೋನು ಬಡಿದುಕೊಳ್ಳುತ್ತದೆ. ಬರೀ ಗಂಟೆಯಲ್ಲ, ಬಿಂದುಶ್ರೀಯ ಅವ್ವ ಚಿಕ್ಕನಂಜಮ್ಮನ ಧ್ವನಿ: "ಏಳಪ್ಪ, ನಿನ್ ಸರದಿ ಬಂತು, ತೂಬ್ತಾವ್ಕೆ ಓಗು." ಆ ಗಂಟಲು ಎಂಥದೆಂದರೆ, ಮುತ್ತತ್ತಿಯ ಹೊಳೆ ದಡದಲ್ಲಿ ಮಲಗಿದ್ದ ಮೊಸಳೆಯೊಂದು ಯಾರದೋ ಫೋನಿನಲ್ಲಿ ಅದನ್ನು ಕೇಳಿ, ತನ್ನದೇ ಸರದಿ ಎಂದುಕೊಂಡು ಎದ್ದು ನೀರಿಗಿಳಿಯಿತು ಎನ್ನುವವರಿದ್ದಾರೆ.

ಆ್ಯಪ್ ಒಳಗಿನ ಕೋಡನ್ನೆಲ್ಲ ಅವರು ಇಂಟರ್ನೆಟ್ಟಿನಲ್ಲಿ ಬಿಚ್ಚಿಟ್ಟರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ದುಡ್ಡಿಲ್ಲ. ಊರಿನವರಿಗೆ ಇದು ಏನೆಂದು ತಿಳಿಸುವುದು ಕಷ್ಟವಾಗಲಿಲ್ಲ. ಇದು ಮುಯ್ಯಿ ಇದ್ದ ಹಾಗೆ ಎಂದು ಬಿಂದುಶ್ರೀ ಹೇಳಿದಳು, ಎಲ್ಲರೂ ತಲೆಯಾಡಿಸಿದರು. ಇವತ್ತು ನಿಮ್ಮ ನಾಟಿಗೆ ನಮ್ಮ ಮನೆಯ ಆಳು, ನಾಳೆ ನಮ್ಮ ನಾಟಿಗೆ ನಿಮ್ಮ ಮನೆಯ ಆಳು. ಕೂಲಿಯ ಮಾತಿಲ್ಲ, ಊಟ ಮಾತ್ರ. ಆದರೆ ಗದ್ದೆಯ ಮುಯ್ಯಿ ಯಾವಾಗಲೂ ಬೀದಿ ನೋಡಿಕೊಂಡು ನಡೆಯುತ್ತಿತ್ತು. ಯತೀಶನ ಬೀದಿಯವರು ಕರಿಸಿದ್ದಯ್ಯನ ಬೀದಿಗೆ ಕೂಲಿ ಕೊಟ್ಟಿದ್ದರು, ಮುಯ್ಯಿ ಹೋಗಿರಲಿಲ್ಲ. ಸರದಿಯ ಕೆಲಸದಲ್ಲಿ ಅದು ಯಾರಿಗೂ ತಿಳಿಯದಂತೆ ಅಳಿಸಿಹೋಯಿತು. ಎರಡೂ ಬೀದಿಯವರು ಒಟ್ಟಿಗೆ ಕಾಲುವೆ ಉದ್ದಕ್ಕೂ ನಡೆದು ತೂಬುಗಳನ್ನು ಗುರುತು ಹಾಕಿಕೊಟ್ಟರು, ಫೋನು ತಪ್ಪಾಗಿ ಬಡಿದುಕೊಂಡಾಗ ಬೈದು ತಿದ್ದಿಸಿದರು. ಕೊನೆಗೆ ಹೊಳೆಯ ಆ ಕಡೆಯ ತಮಿಳುನಾಡಿನ ಹುಡುಗನೊಬ್ಬ ಕೂಡ ಕೋಡಿನಲ್ಲಿದ್ದ ತಪ್ಪೊಂದನ್ನು ತಿದ್ದಿ ಕಳಿಸಿದ. ಕಾವೇರಿ ನೀರಿಗೆ ಜಗಳವಾಡುವ ಎರಡು ನಾಡು ಕಾವೇರಿ ನೀರಿನ ಆ್ಯಪಿಗೆ ಜಗಳವಾಡಲಿಲ್ಲ.

ಸುದ್ದಿ ಹಬ್ಬಿತು. ಎಲ್ಲೆಲ್ಲಿಯ ಕಾಲುವೆಯವರೋ ಸರದಿ ಹಾಕಿಕೊಂಡರು. ಎಲ್ಲರ ಫೋನಿಗೂ ಬಡಿಯುವ ಸರ್ವರಿನ ಬಾಡಿಗೆ ಯತೀಶನ ಅಂಗಡಿಯಿಂದ ಹೋಗುತ್ತಿತ್ತು. ಕೆಟ್ಟಾಗಲೆಲ್ಲ ಬೈಗುಳವೂ ಅವನ ಫೋನಿಗೇ ಬರುತ್ತಿತ್ತು. ಅಂಗಡಿಯಲ್ಲಿ ರಿಪೇರಿಗೆ ಬಂದ ಮೊಬೈಲುಗಳ ಮೇಲೆ ಧೂಳು ಎಷ್ಟು ಕೂತಿತೆಂದರೆ ಒಂದರ ಮೇಲೆ ಹುರುಳಿ ಮೊಳೆತಿತ್ತು. ಹಾಗೆ ಸೋತು ಕೂತಿದ್ದಾಗ ಅಮೃತ ಎನ್ನುವವರ ಫೋನು ಬಂತು.

ಅಮೃತ ಮಂಡ್ಯದವರೇ. ಹೊಸ ಕಂಪನಿಗಳಿಗೆ ದುಡ್ಡು ಹೂಡುವ ಸಂಸ್ಥೆಯೊಂದರಲ್ಲಿದ್ದರು. ಮದ್ದೂರಿನಲ್ಲಿ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಭೇಟಿಯಾಯಿತು. ಒಳ್ಳೆಯ ಮನುಷ್ಯರು, ಏನನ್ನೂ ಮುಚ್ಚಿಡಲಿಲ್ಲ. ಸರದಿ ಕಂಪನಿಯಾಗಬೇಕು. ಇನ್ನು ಮುಂದೆ ಕೋಡು ಮುಚ್ಚಿರಬೇಕು, ಬಳಸುವವರು ಬೆಳೆಗಿಷ್ಟು ಎಂದು ಕಟ್ಟಬೇಕು. ಪುಕ್ಕಟೆ ಸರ್ವರನ್ನು ಬೇಸಿಗೆಯೊಳಗೆ ನಿಲ್ಲಿಸಬೇಕು. ಹೊರಗೆ ಬಿಚ್ಚಿಟ್ಟಿರುವ ಹಳೆಯ ಕೋಡನ್ನು ಯತೀಶ ಇನ್ನು ಮುಟ್ಟಬಾರದು, ಅದಕ್ಕೆ ಯಾರಿಗೂ ಸಹಾಯ ಮಾಡಬಾರದು. ಮಿಕ್ಕವರು ಬರೆದ ಚೂರುಪಾರನ್ನು ಹೊಸದಾಗಿ ಬರೆಸಿಕೊಳ್ಳಬಹುದು, ಆದರೆ ಅರ್ಧ ಕೋಡು ಬಿಂದುಶ್ರೀಯದು. ಅವಳ ಸಹಿ ಇಲ್ಲದೆ ಏನೂ ಇಲ್ಲ. ಅವಳಿಗೂ ಒಂದು ಪಾಲು ಇಡೋಣ ಎಂದು ಅಮೃತರೇ ಹೇಳಿದರು.

ಯತೀಶ ಎಳನೀರಿನ ಬುರುಡೆಯನ್ನು ತಿರುಗಿಸುತ್ತ ಕೂತ. ಊರಿನವರ ಮುಯ್ಯಿ ಇದೆಯಲ್ಲ ಮೇಡಂ, ಎಂದ. ಅಮೃತರಿಗೆ ಆ ಮಾತು ಅಜ್ಜಿಯ ಕಾಲದಲ್ಲಿ ಕೇಳಿದ ನೆನಪು. ಹಾಗಾದರೆ ಅದನ್ನು ತೀರಿಸಿಕೊಂಡು ಬನ್ನಿ, ಆಮೇಲೆ ಯಾರೂ ಬಂದು ಕೇಳುವ ಹಾಗಿರಬಾರದು ಎಂದರು. ಅವರ ಮನಸ್ಸಿನಲ್ಲಿ ಇದ್ದದ್ದು ಒಂದು ಚೆಕ್ಕೋ, ಒಂದು ಊಟವೋ ಇರಬೇಕು.

ಯತೀಶ ಅವರ ಮಾತನ್ನು ಇದ್ದಂತೆಯೇ ತೆಗೆದುಕೊಂಡ. ಅವನಿಗೆ ಕಂಪನಿಯೂ ಬೇಕಿತ್ತು, ಕಾಲುವೆ ಏರಿಯ ಮೇಲೆ ಎದುರು ಬಂದವರ ಮುಖ ನೋಡುವ ಧೈರ್ಯವೂ ಬೇಕಿತ್ತು. ಎರಡಕ್ಕೂ ಇದೇ ದಾರಿ ಎಂದುಕೊಂಡ. ಮಾರನೆಯ ದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಲುಂಗಿ ಎತ್ತಿ ಕಟ್ಟಿ, ಶಿವಣ್ಣನ ಕಬ್ಬಿನ ಗದ್ದೆಗೆ ಇಳಿದ. ತೂಬು ಗುರುತು ಮಾಡಲು ಶಿವಣ್ಣ ತನ್ನ ಜೊತೆ ಬಿಸಿಲಿನಲ್ಲಿ ನಡೆದಿದ್ದನಲ್ಲ, ಅದರ ಬದಲಿಗೆ.

ಯತೀಶ ಮಚ್ಚು ಹಿಡಿದು ಯಾವ ಕಾಲವಾಗಿತ್ತೋ. ಅವನ ಅಂಗೈಯಲ್ಲಿ ಎದ್ದ ಬೊಬ್ಬೆ ಎಷ್ಟು ದೊಡ್ಡದೆಂದರೆ ಶಿವಣ್ಣನ ಕೋಳಿ ಅದನ್ನು ತನ್ನ ಮೊಟ್ಟೆಯೆಂದು ಕಾವು ಕೂರಲು ಬಂತು. ಆದರೂ ಬಿಡಲಿಲ್ಲ. ದೇವೀರಮ್ಮನ ಟೊಮೆಟೊ ಕಳೆ ಕಿತ್ತ, ದೊಡ್ಡಸಿದ್ದಯ್ಯನ ತಿಪ್ಪೆ ಹೊತ್ತ. ಒಬ್ಬೊಬ್ಬರ ಮನೆಯಲ್ಲೂ ಮುದ್ದೆ ಉಣ್ಣಿಸಿದರು, ಕೋಳಿ ಕೊಯ್ದರು. ತಿಂದದ್ದೆಲ್ಲ ಮತ್ತೆ ಲೆಕ್ಕಕ್ಕೆ ಸೇರುತ್ತಿದೆ ಎಂದು ಅವನು ತುತ್ತು ಎಣಿಸಿ ಉಣ್ಣುತ್ತಿದ್ದ. ಯಾಕೆ ಬಂದೆ ಎಂದು ಕೇಳಿದವರಿಗೆ ಸುಮ್ಮನೆ, ಮೈ ಬಗ್ಗಿಸೋಣ ಅಂತ, ಎನ್ನುತ್ತಿದ್ದ.

ಊರಿಗೆ ಅಷ್ಟು ಉತ್ತರ ಸಾಲುವುದಿಲ್ಲ. ಹಲಗೂರಿನ ತಿಮ್ಮಯ್ಯನ ಟೀ ಅಂಗಡಿಯಲ್ಲಿ ಇದು ಪಂಚಾಯ್ತಿ ಎಲೆಕ್ಷನ್ನಿಗೇ ಎಂದು ತೀರ್ಮಾನವಾಯಿತು. ತಿಪ್ಪೆ ಹೊತ್ತವನು ಮೆಂಬರಿಗೆ ನಿಲ್ಲುವುದಿಲ್ಲ, ಅಧ್ಯಕ್ಷಗಿರಿಗೇ ಕಣ್ಣು ಹಾಕಿದ್ದಾನೆ ಎಂದು ಒಬ್ಬರು. ನಾಚಿಕೆಯ ಹುಡುಗ, ಬಾಯಿಬಿಟ್ಟು ಕೇಳಲಾರ, ನಾವೇ ವೋಟು ಹಾಕೋಣ ಎಂದು ಇನ್ನೊಬ್ಬರು. ದಾರಿಯಲ್ಲಿ ಸಿಕ್ಕವರು ಕಣ್ಣು ಮಿಟುಕಿಸಿ, ನಮ್ಮ ಮನೆಯ ವೋಟು ನಿನಗೇ, ಯೋಚನೆ ಮಾಡಬೇಡ ಎನ್ನುತ್ತಿದ್ದರು. ಯತೀಶನಿಗೆ ಇದರಷ್ಟು ಕಷ್ಟವಾದದ್ದು ತಿಪ್ಪೆಯೂ ಅಲ್ಲ. ಅವನು ತಲೆ ತಗ್ಗಿಸಿ ನಡೆದರೆ, ನೋಡಿದಿರಾ, ಎಷ್ಟು ವಿನಯ, ಎಂದು ಇನ್ನೊಂದು ವೋಟು ಏರುತ್ತಿತ್ತು.

ಕೊನೆಗೆ ಉಳಿದದ್ದು ಕರಿಸಿದ್ದಯ್ಯನ ಮನೆ. ಬಿಂದುಶ್ರೀಗೆ ಅವನು ಫೋನಿನಲ್ಲಿ ಅರ್ಧ ಹೇಳಿದ್ದ. ಕಂಪನಿ ಮಾಡುತ್ತಿದ್ದೇನೆ, ನಿನಗೂ ಪಾಲಿದೆ, ಒಂದು ಸಹಿ ಬೇಕು ಎಂದಿದ್ದ. ಇನ್ನರ್ಧವನ್ನು, ಅಂದರೆ ಪುಕ್ಕಟೆಯದು ನಿಂತುಹೋಗುತ್ತದೆ ಎನ್ನುವುದನ್ನು, ಎದುರಿಗೇ ಹೇಳಿದರಾಯಿತು ಎಂದುಕೊಂಡಿದ್ದ. ಹೇಳಿದರೆ ಅವಳು ಒಪ್ಪುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅವನು ಹೋದ ದಿನ ಅವರ ಹುಳು ಹಣ್ಣಾಗಿದ್ದವು. ಸೊಪ್ಪು ತಿನ್ನುವುದು ಬಿಟ್ಟು, ಮೈ ಹೊನ್ನಿನ ಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕಿ ತಲೆಯಾಡಿಸುವ ಹೊತ್ತು ಅದು. ಆಗ ಒಂದೊಂದನ್ನೂ ಆರಿಸಿ, ಸುರುಳಿ ಸುತ್ತಿದ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ತಡಮಾಡಿದರೆ ನೂಲನ್ನೆಲ್ಲ ಸಿಕ್ಕಸಿಕ್ಕಲ್ಲಿ ಚೆಲ್ಲಿಬಿಡುತ್ತವೆ. ಯತೀಶ ಕೈ ತೊಳೆದು ಬಂದು ಬಿಂದುಶ್ರೀಯ ಎದುರಿಗೆ ಕೂತು ಆರಿಸತೊಡಗಿದ. ಕರಿಸಿದ್ದಯ್ಯ ಚಂದ್ರಿಕೆಗಳನ್ನು ಹೊರಗೆ ನೆರಳಿಗೆ ಸಾಗಿಸುತ್ತಿದ್ದ. ಚಿಕ್ಕನಂಜಮ್ಮ ಒಲೆಯ ಮುಂದಿದ್ದಳು.

ಅಷ್ಟರಲ್ಲಿ ಯತೀಶನ ಫೋನಿಗೆ ಸಹಿಯ ಕಾಗದ ಬಂತು. ಈಗ ಪೆನ್ನು ಹಿಡಿಯುವ ಸಹಿಯಲ್ಲವಲ್ಲ. ಬಿಂದುಶ್ರೀಯ ಫೋನಿಗೆ ಒಂದು ಒಟಿಪಿ ಬರುತ್ತದೆ, ಅದನ್ನು ಹಾಕಿದರೆ ಸಹಿಯಾದಂತೆ. ಕಿಟಕಿಯ ಮೇಲಿದ್ದ ಅವಳ ಫೋನು ಗುಂಯ್ ಎಂದಿತು.

"ಬಂತು ಅನ್ಸುತ್ತೆ," ಎಂದ ಯತೀಶ.

"ನನ್ ಕೈಲಿ ಉಳ ಅವೆ. ಬೀಗ ಇಲ್ಲ ಫೋನಿಗೆ. ನೀನೇ ನೋಡಿ ಆಕ್ಕೊ."

"ಓದಕ್ಕಿಲ್ವಾ?"

"ನೀನು ಓದಿದ್ದೀಯಲ್ಲ, ಯತೀಶಣ್ಣ."

ಅವಳು ತಲೆ ಎತ್ತಲಿಲ್ಲ. ಬೆರಳ ತುದಿಯಲ್ಲಿ ಒಂದು ಹುಳು ತಲೆಯಾಡಿಸುತ್ತಿತ್ತು, ಅದನ್ನು ನೋಯಿಸದಂತೆ ಸುರುಳಿಯೊಳಗೆ ಇಳಿಸುತ್ತಿದ್ದಳು. ಯತೀಶ ಎದ್ದು ಕಿಟಕಿಯ ಹತ್ತಿರ ಹೋದ. ಯಾರಿಗೂ ಹೇಳಬೇಡಿ ಎಂದು ಆ ಸಂಖ್ಯೆಯ ಕೆಳಗೇ ಬರೆದಿತ್ತು. ಹೇಳಬೇಕಾದ ಮಾತು ನಾಲಿಗೆಯ ಮೇಲೆ ಬಂದು ಕೂತಿತು. ಅದು ಬೆಲ್ಲದ ಅಚ್ಚಿನಷ್ಟು ದೊಡ್ಡದಿತ್ತು. ಉಗುಳಲಿಕ್ಕೂ ಇಲ್ಲ, ಕರಗಲಿಕ್ಕೂ ಇಲ್ಲ. ಹಾಕಿ ಆಮೇಲೆ ಹೇಳೋಣ ಎಂದುಕೊಂಡ. ಅವಳ ಫೋನು ನೋಡಿ ತನ್ನ ಫೋನಿನಲ್ಲಿ ಒತ್ತಿದ. ಹಸಿರು ಗುರುತು ಮೂಡಿತು.

"ಆಯ್ತಾ?"

"ಆಯ್ತು."

"ಬಾ ಮತ್ತೆ, ಈ ತಟ್ಟೇಲಿ ಬಾಳ ಅವೆ."

ಅವನು ಬಂದು ಕೂತ. ಹಣ್ಣಾಗದ ಹುಳುಗಳನ್ನೂ ಆರಿಸಿಬಿಟ್ಟ, ಬಿಂದುಶ್ರೀ ಒಂದೊಂದನ್ನೇ ವಾಪಸ್ಸು ಸೊಪ್ಪಿಗೆ ಬಿಟ್ಟಳು.

ಊಟಕ್ಕೆ ಕೂತಾಗ ಚಿಕ್ಕನಂಜಮ್ಮ ಮುದ್ದೆ ಹಾಕಿ, ಸಾರು ಬಿಡಲು ಬಗ್ಗಿದಳು. ಯತೀಶನಿಗೆ ಏನಾದರೂ ಒಳ್ಳೆಯ ಮಾತು ಆಡಬೇಕೆನಿಸಿತು. ಇವತ್ತಿಗೆ ನಿಮ್ಮ ಮುಯ್ಯಿಯೂ ತೀರಿತು ಕಣಮ್ಮ, ಇಡೀ ಊರಿಂದು ತೀರಿಸಿಬಿಟ್ಟೆ, ಎಂದ. ಅವಳ ಸೌಟು ಅಲ್ಲೇ ನಿಂತಿತು.

"ಪೂರಾ ತೀರುಸ್ಬುಟ್ಯಾ? ಒಂದಾಳಾದ್ರೂ ಉಳಿಸ್ಕಬಾರ್ದಾಗಿತ್ತಾ ಕಣಪ್ಪ?"

ಆಮೇಲೆ ಅವಳು ವಿವರಿಸಿದಳು, ಸಿಟ್ಟಿಲ್ಲದೆ, ಮಕ್ಕಳಿಗೆ ಹೇಳುವ ಹಾಗೆ. ಮುಯ್ಯಿಯನ್ನು ಯಾರೂ ಕೊನೆಯ ಆಳಿನವರೆಗೆ ತೀರಿಸುವುದಿಲ್ಲ. ಒಂದಾಳು ಅತ್ತಲೋ ಇತ್ತಲೋ ಉಳಿದಿರಬೇಕು, ಆಗ ಬಂದು ಹೋಗಲು ನೆಪವಿರುತ್ತದೆ. ಅಣ್ಣತಮ್ಮಂದಿರು ಬೇರೆಯಾಗುವಾಗ, ಬೇಲಿ ಜಗಳದಲ್ಲಿ ಮಾತು ಬಿಡುವಾಗ ಮಾತ್ರ ಪೂರಾ ತೀರಿಸುತ್ತಾರೆ. ಯತೀಶ ಓದು, ಅಂಗಡಿ ಎಂದುಕೊಂಡೇ ಇದ್ದವನು, ಗದ್ದೆಯನ್ನು ಗುತ್ತಿಗೆಗೆ ಬಿಟ್ಟ ಮನೆಯವನು. ಮುಯ್ಯಿ ಗೊತ್ತಿತ್ತು, ಅದರ ಉಳಿಕೆ ಗೊತ್ತಿರಲಿಲ್ಲ.

ಬಿಂದುಶ್ರೀ ತಟ್ಟೆಯಿಂದ ಕೈ ತೆಗೆದಿದ್ದಳು. "ನಂಗೆ ಏನ್ ಒತ್ತುಸ್ದೆ, ಏಳು."

ಅವನು ಹೇಳಿದ. ಈಗ ಎಲ್ಲವನ್ನೂ ಹೇಳಿದ. ಕೋಡು ಮುಚ್ಚುವುದು, ಸರ್ವರು ನಿಲ್ಲುವುದು, ಬೆಳೆಗಿಷ್ಟು ಕಟ್ಟುವುದು, ಧ್ವನಿಯೂ ಕಂಪನಿಯದಾಗುವುದು. ತನ್ನ ಬಾಡಿಗೆಯ ಕಷ್ಟ, ಧೂಳು ಕೂತ ಅಂಗಡಿ, ಅದನ್ನೂ ಹೇಳಿದ. ಹೇಳುತ್ತ ಹೇಳುತ್ತ ಅದು ಸಣ್ಣದಾಗುತ್ತ ಹೋಯಿತು.

ಮೊದಲು ಮಾತಾಡಿದವನು ಕರಿಸಿದ್ದಯ್ಯ. "ಅಂಗಾದ್ರೆ ನನ್ನೆಂಡ್ರು ಬಾಯ್ಗೂ ಬೀಗ ಆಕ್ಬುಟ್ಯಾ? ಮದ್ವೆ ಆದಾಗಿಂದ ನನ್ ಕೈಲಾಗ್ದಿದ್ದ ಕೆಲ್ಸ ಕಣಪ್ಪ ಅದು."

ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಬಿಂದುಶ್ರೀ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನೀನು ಮೊದ್ಲೇ ಏಳಿ ಕೇಳಿದ್ರೆ ಜಗಳ ಆಡ್ತಿದ್ದೆ," ಎಂದಳು. "ಆಡ್ಬುಟ್ಟು, ನಿನ್ ಕಷ್ಟ ನೋಡಿ, ಒತ್ತಿದ್ರೂ ಒತ್ತುತಿದ್ದೆ. ಆ ಜಗಳಾನೂ ನಂಗೆ ಬುಡ್ನಿಲ್ಲ ನೀನು."

ಆಮೇಲೆ ಅವಳ ಮಾತು ಕೆಲಸದ ಮಾತಾಯಿತು. ಸರ್ವರು ನಿನ್ನದು, ನಿಲ್ಲಿಸಿಕೋ ಎಂದಳು. ಇಲ್ಲಿಯವರೆಗೆ ಬಿಚ್ಚಿಟ್ಟ ಕೋಡು ಹೊರಗಿದೆ, ಅದನ್ನು ಯಾರೂ ಹಿಂದಕ್ಕೆ ಎಳೆದುಕೊಳ್ಳುವ ಹಾಗಿಲ್ಲ. ಅದನ್ನು ಅವಳು ಇಲ್ಲೇ ಹಳೆಯ ಕಂಪ್ಯೂಟರಿನಲ್ಲಿ ಈ ಕಾಲುವೆಯ ಮಟ್ಟಿಗೆ ನಡೆಸುತ್ತಾಳೆ. ಅಮ್ಮನ ಧ್ವನಿಯ ಬದಲು ಬರೀ ಗಂಟೆ ಬಾರಿಸುತ್ತದೆ. ಕೆಟ್ಟರೆ ತಾನೇ ತಿದ್ದುತ್ತಾಳೆ, ತಮಿಳುನಾಡಿನ ಹುಡುಗ ತಿದ್ದುತ್ತಾನೆ, ಯಾರು ಬೇಕಾದರೂ ತಿದ್ದುತ್ತಾರೆ. "ನೀನು ಮಾತ್ರ ಮುಟ್ಟಂಗಿಲ್ಲ, ಅಲ್ವಾ?"

"ಮುಟ್ಟಂಗಿಲ್ಲ."

"ಮುಟ್ಬೇಡ ಬುಡು. ಕೋರ್ಟು ಗೀರ್ಟು ಅಂತ ನಿಂಗೇ ತೊಂದ್ರೆ." ಅದನ್ನು ಅವಳು ಚುಚ್ಚಲು ಹೇಳಲಿಲ್ಲ. ಅವನಿಗೆ ತೊಂದರೆಯಾಗಬಾರದೆಂದೇ ಹೇಳಿದಳು. ಪಾಲು ಮಾತ್ರ ಬೇಡವೆಂದಳು. ಎದ್ದು ಹೋಗಿ ಮತ್ತೆ ಹುಳುವಿನ ಮುಂದೆ ಕೂತಳು. ಅವು ಯಾರ ದುಃಖಕ್ಕೂ ಕಾಯುವುದಿಲ್ಲ. ಯತೀಶನೂ ಕೂತ. ಕೊನೆಯ ಚಂದ್ರಿಕೆ ತುಂಬುವವರೆಗೆ ಇಬ್ಬರೂ ಆರಿಸಿದರು.

ಅವನ ಸಹಿ ಇನ್ನೂ ಬಾಕಿಯಿತ್ತು. ಹಾಕದೆ ಇರಬಹುದಿತ್ತು. ಮಂಡ್ಯದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಾಕುವುದಿಲ್ಲ ಎಂದೇ ಅಂದುಕೊಂಡ. ಬಸ್ಸು ಮಂಡ್ಯ ತಲುಪುವಷ್ಟರಲ್ಲಿ, ಹೇಗೂ ಅವಳು ಹಳೆಯದನ್ನು ನಡೆಸುತ್ತಾಳಲ್ಲ, ಯಾರಿಗೂ ನಷ್ಟವಿಲ್ಲವಲ್ಲ ಎಂಬ ಮಾತು ಸಿಕ್ಕಿಬಿಟ್ಟಿತು. ಹಾಕಿದ.

ಕಂಪನಿ ಬೆಳೆಯಿತು. ಮಂಡ್ಯದ ಆಫೀಸಿನ ಏಸಿ ಎಷ್ಟು ತಣ್ಣಗೆಂದರೆ ಬೆಳಿಗ್ಗೆ ಬಂದವರು ಆಡಿದ ಮಾತು ಮಂಜುಗಟ್ಟಿ ಮಧ್ಯಾಹ್ನಕ್ಕೆ ಕರಗಿ ಕೇಳಿಸುತ್ತಿತ್ತು. ದೂರದೂರದ ಕಾಲುವೆಗಳು ದುಡ್ಡು ಕಟ್ಟಿ ಚಿಕ್ಕನಂಜಮ್ಮನ ಕೂಗು ಕೇಳಿದವು. ಯತೀಶ ಎಲ್ಲರ ಹತ್ತಿರವೂ ನಗುತ್ತ ಮಾತಾಡಿದ. ಆದರೆ ಊರಿನ ಕಾಲುವೆಯ ಸುದ್ದಿ ಬಂದರೆ ಕಿವಿ ಅತ್ತಲೇ ಹೋಗುತ್ತಿತ್ತು.

ಆ ವರ್ಷ ಕಾಲುವೆಗೆ ನೀರು ಬಿಡುವ ಕ್ರಮ ಬದಲಾಯಿತು. ಮೇಲಿಂದ ಕೆಳಕ್ಕೆ ಹೋಗುತ್ತಿದ್ದ ಸರದಿ ಕೆಳಗಿನಿಂದ ಮೇಲಕ್ಕೆ ಎಂದಾಯಿತು. ಬಿಂದುಶ್ರೀಯ ಆ್ಯಪ್ ಗಲಿಬಿಲಿಗೊಂಡು ಒಂದೇ ಸಲಕ್ಕೆ ಇಬ್ಬರಿಗೆ ಗಂಟೆ ಬಾರಿಸಿತು. ಶಿವಣ್ಣನೂ ದೇವೀರಮ್ಮನೂ ಒಂದೇ ನೀರಿಗೆ ಗುದ್ದಲಿ ಹಿಡಿದು ನಿಂತರಂತೆ. ಬಹಳ ದಿನದಿಂದ ತಣ್ಣಗಿದ್ದ ಏಡಿಗಳು ಮತ್ತೆ ಗಾಬರಿಯಾದವು.

ಮಂಡ್ಯದಲ್ಲಿ ಕೂತಿದ್ದ ಯತೀಶನಿಗೆ ಸುದ್ದಿ ಕೇಳಿದ ಕ್ಷಣವೇ ತಪ್ಪು ಎಲ್ಲಿದೆ ಎಂದು ಹೊಳೆಯಿತು. ಆ ಸಾಲು ಬರೆದವನು ಅವನೇ. ಸರದಿ ಯಾವಾಗಲೂ ಮೇಲಿಂದಲೇ ಶುರುವಾಗುತ್ತದೆ ಎಂದು ನಂಬಿ ಬರೆದದ್ದು. ಭೂಮಿಯ ಮೇಲಿನ ಯಾವ ಮನುಷ್ಯನಾದರೂ ಅದನ್ನು ತಿದ್ದಬಹುದಿತ್ತು, ಅವನೊಬ್ಬನನ್ನು ಬಿಟ್ಟು. ತಡೆಯಲಾರದೆ ಬಿಂದುಶ್ರೀಗೆ ಫೋನು ಮಾಡಿದ. ಬಾಯಿ ತೆರೆಯುವ ಮೊದಲೇ ಅವಳು, ಏಳ್ಬೇಡ ಯತೀಶಣ್ಣ, ಏಳಿದ್ರೆ ನಿಂದು ತಪ್ಪಾಯ್ತದೆ, ನಾನೇ ಉಡುಕ್ತೀನಿ ಎಂದು ಫೋನಿಟ್ಟಳು. ಆದರೆ ಅವಳ ಮನೆಯಲ್ಲಿ ಹುಳು ಮತ್ತೆ ಹಣ್ಣಾಗಿದ್ದವು, ಮಾರನೆಯ ಬೆಳಿಗ್ಗೆಯೇ ಇನ್ನೊಮ್ಮೆ ನೀರು ಬಿಡುವುದಿತ್ತು.

ಬೆಳಿಗ್ಗೆ ಮೊದಲ ಬಸ್ಸಿಗೆ ಯತೀಶ ಬಂದಿಳಿದ. ಕೋಡು ಮುಟ್ಟಬಾರದು ಎಂದು ಕಾಗದದಲ್ಲಿತ್ತು, ಕಾಲುವೆ ಏರಿಯ ಮೇಲೆ ನಡೆಯಬಾರದು ಎಂದಿರಲಿಲ್ಲ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಕೊನೆಯ ತೂಬಿನಿಂದ ಮೇಲಕ್ಕೆ ನಡೆಯುತ್ತ, ಒಬ್ಬರ ಗದ್ದೆ ತುಂಬುವುದನ್ನು ನಿಂತು ನೋಡಿ, ಮುಂದಿನವರ ಹೆಸರು ಹಿಡಿದು ಕೂಗಿದ. ಅವನದೇನು ಚಿಕ್ಕನಂಜಮ್ಮನ ಗಂಟಲಲ್ಲ. ಕೂಗಿ ಕೂಗಿ ಧ್ವನಿ ಹರಿದು ಗಾಳಿಗೆ ಹಾರಿತು, ಕೊಕ್ಕರೆಗಳು ಅದನ್ನು ಹುಲ್ಲೆಂದು ಗೂಡಿಗೆ ಒಯ್ದವು. ಜನ ಬಂದರು, ತೂಬು ತೆಗೆದರು, ಅವನನ್ನು ನೋಡಿದರು. ಎಲ್ಲರಿಗೂ ಈಗ ಎಲ್ಲವೂ ಗೊತ್ತಿತ್ತು. ವೋಟಿನ ಮಾತನ್ನು ಯಾರೂ ಎತ್ತಲಿಲ್ಲ.

ಕರಿಸಿದ್ದಯ್ಯ ತನ್ನ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಬೀಡಿ ಸೇದುತ್ತ ಕೂತಿದ್ದ.

"ಕರಿಸಿದ್ದಣ್ಣ, ಶಿವಣ್ಣನ್ದು ತುಂಬ್ತು. ನಿನ್ ಸರದಿ."

ಕರಿಸಿದ್ದಯ್ಯ ಎದ್ದು ಬಂದು ತೂಬಿನ ಹಲಗೆ ಎತ್ತಿದ. ನೀರು ನುಗ್ಗಿತು. ಬೀಡಿಯನ್ನು ನೀರಿಗೆ ಎಸೆದು ಕೇಳಿದ.

"ಇದ್ಕೆಷ್ಟು ತಗತೀಯ?"

"ಏನಿಲ್ಲಣ್ಣ. ಸುಮ್ನೆ."

"ಸುಮ್ನೆ ಕೂಗುಸ್ಕಂಡ್ರೆ ಮುಯ್ಯಿ ಆಯ್ತದೆ ಕಣಪ್ಪ. ನಿನ್ ಮುಯ್ಯಿ ನಾನ್ಯಾಕೆ ಮಡೀಕಳ್ಳಿ?"

ಅವನು ಅಂಗಿಯ ಜೇಬಿನಿಂದ ಒಂದು ಮಾಸಲು ನೋಟು ತೆಗೆದು, ಬದುವಿನ ಮೇಲಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲು ಹೇರಿದ. ಸಿಟ್ಟಿನಿಂದಲ್ಲ, ಕೂಲಿಯವರಿಗೆ ಕೊಡುವ ಹಾಗೆ ಮರ್ಯಾದೆಯಿಂದಲೇ ಇಟ್ಟ. ಆಮೇಲೆ ಗುದ್ದಲಿ ಹೆಗಲಿಗೇರಿಸಿ ನೀರಿನ ಹಿಂದೆ ತೋಟದೊಳಕ್ಕೆ ಹೋದ. ಹುಳುಮನೆಯ ಬಾಗಿಲಲ್ಲಿ ಬಿಂದುಶ್ರೀ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದಳು.

ಯತೀಶ ನೋಟನ್ನು ಅಲ್ಲೇ ಬಿಟ್ಟು ಹೋಗಬಹುದಿತ್ತು. ಬಿಟ್ಟರೆ ಕರಿಸಿದ್ದಯ್ಯನ ತಲೆಯ ಮೇಲೆ ಬೇಡದ ಮುಯ್ಯಿ ಹೊರಿಸಿದ ಹಾಗೆ. ಬಿಂದುಶ್ರೀಗೆ ಪೂರಾ ಹೇಳದೆ ಸಹಿ ಒತ್ತಿಸಿದ ಹಾಗೆಯೇ ಅದೂ. ಅವನು ಬಗ್ಗಿ ಕಲ್ಲು ಸರಿಸಿ ನೋಟು ತೆಗೆದುಕೊಂಡ. ಅದನ್ನು ಯಾವ ಜೇಬಿಗೆ ಹಾಕಬೇಕೆಂದು ತಿಳಿಯದೆ ಒಂದು ಗಳಿಗೆ ಹಾಗೇ ನಿಂತ. ಮೇಲಿನ ಗದ್ದೆಯಲ್ಲಿ ದೇವೀರಮ್ಮ ಗುದ್ದಲಿಯ ಮೇಲೆ ಗಲ್ಲವೂರಿ ಕಾಯುತ್ತಿದ್ದಳು. ಕರಿಸಿದ್ದಯ್ಯನ ತೋಟ ತುಂಬುವುದನ್ನು ನೋಡಲು ಯತೀಶ ಬದುವಿನ ಮೇಲೆ ಕೂತ.